ಪಟ್ಟಿ ತಾನೇ ಬೆಳೆಯಬೇಕಾದರೆ ವರ್ಗ ಸರಿಯಿರಬೇಕು

ಮಾನ್ಯ ಸಂಪಾದಕರೇ,

ಗ್ರಂಥಪಾಲಕಿಯಾಗಿ ಮೂವತ್ತೊಂದು ವರ್ಷ ದುಡಿದವಳು ನಾನು. ಒಂದು ಪುಸ್ತಕ ಬಂದರೆ ಲೇಖಕರ ಹೆಸರಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೊಂದು ಎಂದು ಮೂರು ಕಾರ್ಡು ಬರೆದು ಡ್ರಾಯರಿಗೆ ಸೇರಿಸುತ್ತಿದ್ದೆ. ನಿವೃತ್ತಿಯ ನಂತರ ಕನ್ನಡದ ಒಂದು ವಿಕಿಯಲ್ಲಿ, ಅಂದರೆ ಹಲವರು ಕೂಡಿ ಬರೆದು ತಿದ್ದುವ ಜಾಲತಾಣದಲ್ಲಿ, ಬರೆಯಲು ಕೂತಾಗಲೂ ಅದೇ ರೂಢಿ. ಹಕ್ಕಿಗಳ ಲೇಖನಗಳ ಪಟ್ಟಿಯೊಂದನ್ನು ಕೈಯಾರೆ ಟೈಪ್ ಮಾಡಿ ಎರಡು ವರ್ಷ ಕಾಪಾಡಿಕೊಂಡು ಬಂದೆ. ಬೇರೆಯವರು ಹೊಸ ಲೇಖನ ಬರೆದರೆ ನನಗೆ ಗೊತ್ತಾಗುತ್ತಿರಲಿಲ್ಲ. ಯಾವುದಾದರೂ ಲೇಖನ ಅಳಿಸಿಹೋದರೆ ಪಟ್ಟಿಯಲ್ಲಿ ಅದರ ಹೆಸರು, ಪುಟ ಇಲ್ಲ ಎಂಬ ಗುರುತಾಗಿ, ಕೆಂಪಾಗಿ ಉಳಿಯುತ್ತಿತ್ತು.

ಈ ದುಡಿಮೆಯೇ ಬೇಕಿರಲಿಲ್ಲ. ಇಂಥ ವಿಕಿಗಳನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶಕ್ಕೆ 2004ರಲ್ಲೇ ವರ್ಗದ, ಅಂದರೆ ಪುಟಗಳನ್ನು ವಿಷಯವಾರು ಗುಂಪು ಮಾಡುವ, ಸೌಲಭ್ಯ ಬಂದಿದೆ. ಲೇಖನದ ಕೊನೆಗೆ ಜೋಡಿ ಚೌಕ ಆವರಣದಲ್ಲಿ ‘ವರ್ಗ:ಪಕ್ಷಿಗಳು’ ಎಂದು ಬರೆದರೆ ಆಯಿತು, ಆ ವರ್ಗದ ಪುಟದಲ್ಲಿ ಹೆಸರು ಅಕಾರಾದಿಯಾಗಿ ಸೇರಿಕೊಳ್ಳುತ್ತದೆ, ಒಂದು ಸಲಕ್ಕೆ 200 ಹೆಸರಿನಂತೆ. ಪುಸ್ತಕ ಒಂದೇ ಕಪಾಟಿನಲ್ಲಿ ಕೂರಬೇಕು, ಆದರೆ ಪುಟ ಎಷ್ಟು ವರ್ಗದಲ್ಲಾದರೂ ಇರಬಹುದು. ವಿಕಿನ್ಯೂಸ್ ಎಂಬ ಸುದ್ದಿಯ ವಿಕಿಗಾಗಿ ಹುಟ್ಟಿದ ‘ಡೈನಾಮಿಕ್ ಪೇಜ್ ಲಿಸ್ಟ್’ ಎಂಬ ಹೆಚ್ಚುವರಿ ತಂತ್ರಾಂಶ ಇನ್ನೂ ಮುಂದೆ ಹೋಗುತ್ತದೆ. ಅದನ್ನು ಅಳವಡಿಸಿಕೊಂಡ ವಿಕಿಗಳಲ್ಲಿ ‘ಈ ಎರಡು ವರ್ಗಗಳಲ್ಲೂ ಇರುವ, ಮೂರನೆಯದರಲ್ಲಿ ಇಲ್ಲದ, ಇತ್ತೀಚಿನ ಹತ್ತು ಪುಟ’ ಎಂದು ಕೇಳಬಹುದು. ನಾಲ್ಕಾರು ಸಾಲು ಬರೆದಿಟ್ಟರೆ ಆ ಪಟ್ಟಿ ತಾನಾಗಿಯೇ ಹೊಸದಾಗುತ್ತಿರುತ್ತದೆ.

ಆದರೆ ನನಗೆ ನಿಜವಾಗಿ ನೋವಾದದ್ದು ವರ್ಗಗಳನ್ನು ತೆರೆದು ನೋಡಿದಾಗ. ಒಬ್ಬರು ‘ಹಕ್ಕಿಗಳು’ ಎಂದು ಹಾಕಿದ್ದರು, ಇನ್ನೊಬ್ಬರು ‘ಪಕ್ಷಿಗಳು’, ಮತ್ತೊಬ್ಬರು ‘ಪಕ್ಷಿ’. ಓದುವ ನಮಗೆ ಮೂರೂ ಒಂದೇ, ಯಂತ್ರಕ್ಕೆ ಮೂರು ಬೇರೆ ಡ್ರಾಯರು. ಮರಕುಟಿಗ ಒಂದರಲ್ಲಿ, ಮಿಂಚುಳ್ಳಿ ಇನ್ನೊಂದರಲ್ಲಿ! ಯಾವ ಪಟ್ಟಿಯೂ ಪೂರ್ತಿಯಿಲ್ಲ, ಪೂರ್ತಿಯಿಲ್ಲ ಎಂಬ ಸುಳಿವೂ ಓದುಗರಿಗೆ ಸಿಗುವುದಿಲ್ಲ. ಉಪವರ್ಗದಲ್ಲಿ ಮಾತ್ರ ಇರುವ ಪುಟ ಮೇಲಿನ ವರ್ಗದ ಪಟ್ಟಿಗೆ ಬರುವುದಿಲ್ಲ ಎಂಬುದೂ ಹಲವರಿಗೆ ತಿಳಿದಿಲ್ಲ.

ಕೈಯಾರೆ ಮಾಡಿದ ಪಟ್ಟಿಯನ್ನು ನಾನು ತೀರಾ ತಳ್ಳಿಹಾಕುವುದಿಲ್ಲ. ಇನ್ನೂ ಬರೆಯದ ಲೇಖನಗಳ ಹೆಸರನ್ನು ಅದರಲ್ಲಿ ಮಾತ್ರ ಬರೆದಿಡಬಹುದು. ಇಲ್ಲದ ಪುಟಕ್ಕೆ ವರ್ಗ ಹಾಕುವುದಾದರೂ ಹೇಗೆ?

ಅಕ್ಷರ ಕ್ರಮದ ಮಾತೂ ಒಂದಿದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ದ ನಂತರ. ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಯೂನಿಕೋಡ್ ಅದನ್ನು ‘ಲ’ದ ಪಕ್ಕದಲ್ಲೇ ಇಟ್ಟಿದೆ. ಸಂಕೇತದ ಕ್ರಮದಲ್ಲೇ ಜೋಡಿಸಿದರೆ ‘ಕಳಶ’ವು ‘ಕವನ’ಕ್ಕಿಂತ ಮೊದಲು ಬಂದುಬಿಡುತ್ತದೆ. ನಿಘಂಟು ನೋಡಿ ಅಭ್ಯಾಸವಾದ ಕಣ್ಣು ಅಲ್ಲಿ ತಡವರಿಸುತ್ತದೆ. ಇದನ್ನು ತಂತ್ರಾಂಶ ಬಲ್ಲವರು ಸರಿಪಡಿಸಬೇಕು.

ವಿಕಿಯಲ್ಲಿ ಬರೆಯುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಹೊಸ ವರ್ಗ ಸೃಷ್ಟಿಸುವ ಮೊದಲು ಅದೇ ಅರ್ಥದ ವರ್ಗ ಈಗಾಗಲೇ ಇದೆಯೇ ಎಂದು ಹುಡುಕಿ. ವರ್ಗವೇ ಇಲ್ಲದ ಪುಟಗಳ ಪಟ್ಟಿಯನ್ನು ತಂತ್ರಾಂಶವೇ ‘ವಿಶೇಷ ಪುಟಗಳು’ ವಿಭಾಗದಲ್ಲಿ ಕೊಡುತ್ತದೆ. ನಾನು ದಿನಕ್ಕೆ ಐದು ಪುಟಗಳಂತೆ ಅದನ್ನು ಕರಗಿಸುತ್ತಿದ್ದೇನೆ. ಜೊತೆಗೆ ಇನ್ನಷ್ಟು ಕೈಗಳು ಬೇಕಾಗಿವೆ.

– ನಿವೃತ್ತ ಗ್ರಂಥಪಾಲಕಿ