ಆ ಆರು ಗಂಟೆ ಕಾದ ಸಿಸ್ಟರ್‌ಗೆ

ಮೊನ್ನೆ ಈ ಅಂಗದಾನದ ಕಡತದ ಕೊನೆಯ ಕಾಗದಕ್ಕೂ ಸಹಿ ಬಿತ್ತು. ದಾನಿ ಯಾರು, ಯಾವ ಆಸ್ಪತ್ರೆ, ಯಾವ ಅಂಗ ಯಾರಿಗೆ ಸೇರಿತು ಎಂಬುದನ್ನು ಬರೆಯುವಂತಿಲ್ಲ, ಗೊತ್ತಿರಬೇಕಾದವರಿಗೆ ಗೊತ್ತಿದೆ. ಇದನ್ನು ದಾನಿಯ ಮನೆಯವರಿಗೆ ಓದಿ ಹೇಳಿ, ಅವರು ‘ಹಾಕಿ’ ಅಂದ ಮೇಲೆಯೇ ಹಾಕುತ್ತಿದ್ದೇವೆ.

ನಡುರಾತ್ರಿ ಮಾಡಿದ ಫೋನನ್ನೂ ಎತ್ತಿದ, ರಾಜ್ಯದ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯವರಿಗೆ, ಅಪಘಾತದ ಪ್ರಕರಣವಾದರೂ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನು ತಡಮಾಡದೆ ಕೊಟ್ಟ ಠಾಣೆಯವರಿಗೆ, ಆಪರೇಷನ್ ಥಿಯೇಟರಿಗೇ ಬಂದು ಮರಣೋತ್ತರ ಪರೀಕ್ಷೆಯ ಕೆಲಸ ಮುಗಿಸಿಕೊಟ್ಟ ವೈದ್ಯರಿಗೆ, ಹೆಬ್ಬಾಳ ದಾಟುವ ತನಕ ಎಲ್ಲೂ ನಿಲ್ಲದಂತೆ ದಾರಿ ಬಿಡಿಸಿದ ಸಂಚಾರ ಪೊಲೀಸರಿಗೆ, ಆಂಬುಲೆನ್ಸ್ ಓಡಿಸಿದವರಿಗೆ ನಮ್ಮ ಸಂಯೋಜಕರ ತಂಡದ ನಮಸ್ಕಾರ.

ಉಳಿದ ಮಾತೆಲ್ಲ ಐಸಿಯುವಿನ ರಾತ್ರಿಪಾಳಿಯ ಸಿಸ್ಟರ್‌ಗೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ಮಿದುಳು ನಿಷ್ಕ್ರಿಯವಾಗಿದೆ ಎಂದು ಘೋಷಿಸುವ ಮೊದಲು ನಮ್ಮ ಕಾನೂನು ಎರಡು ಸಲ ಪರೀಕ್ಷೆ ಮಾಡಿಸುತ್ತದೆ. ಎರಡರ ನಡುವೆ ಕನಿಷ್ಠ 6 ಗಂಟೆ ಅಂತರ ಇರಲೇಬೇಕು. ಆ ಘೋಷಣೆಯ ಕಾಗದವಾದ ಫಾರಂ 10ಕ್ಕೆ ನಾಲ್ವರು ವೈದ್ಯರು ಸಹಿ ಹಾಕಬೇಕು, ಅವರಲ್ಲಿ ಯಾರೂ ಕಸಿ ಮಾಡುವ ತಂಡದವರಾಗಿರಬಾರದು. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಅದು ಕಾಯುವ ಹೊತ್ತು. ಒಳಗೆ ಹಾಸಿಗೆಯ ಪಕ್ಕ ನಿಂತವರಿಗೆ ಕೂರಲೂ ಪುರುಸೊತ್ತಿಲ್ಲದ ಹೊತ್ತು.

ಮಿದುಳಿನ ಕೆಲಸ ನಿಂತರೆ ಮೊದಲು ರಕ್ತದೊತ್ತಡ ಒಮ್ಮೆ ಮೇಲಕ್ಕೆ ಹಾರುತ್ತದೆ, ಆಮೇಲೆ ದಬಕ್ಕನೆ ಕುಸಿಯುತ್ತದೆ. ಸರಾಸರಿ ಒತ್ತಡ 65ರ ಆಸುಪಾಸಿನಲ್ಲಿ ನಿಲ್ಲದಿದ್ದರೆ ಮೂತ್ರಪಿಂಡಕ್ಕೆ ಏಟು. ಪಿಟ್ಯುಟರಿ ಗ್ರಂಥಿ ಕೈಬಿಟ್ಟೊಡನೆ ಮೂತ್ರಕ್ಕೆ ಕಡಿವಾಣ ತಪ್ಪುತ್ತದೆ. ಕೆಜಿ ತೂಕಕ್ಕೆ ಗಂಟೆಗೆ 4 ಮಿಲಿ ದಾಟಿತೆಂದರೆ, ಅಂದರೆ 60 ಕೆಜಿಯ ಮೈಯಿಂದ ಗಂಟೆಗೆ 240 ಮಿಲಿಗಿಂತ ಹೆಚ್ಚು ಹೋಯಿತೆಂದರೆ, ಡಾಕ್ಟರನ್ನು ಎಬ್ಬಿಸಲೇಬೇಕು. ಎರಡು ಗಂಟೆ ಯಾರೂ ಮೂತ್ರದ ಚೀಲ ನೋಡದಿದ್ದರೆ ನೀರು ಬಸಿದು ಸೋಡಿಯಂ ಏರುತ್ತದೆ. ಅದು 155 ದಾಟಿದರೆ ಆ ಮೈಯ ಯಕೃತ್ತು ಇನ್ನೊಬ್ಬರ ಹೊಟ್ಟೆಯಲ್ಲಿ ಸರಿಯಾಗಿ ಕೆಲಸ ಶುರು ಮಾಡದೆ ಹೋಗಬಹುದು. ನೀವು ಪ್ರತಿ ಗಂಟೆಯೂ ಅಳೆದು ಬರೆದಿದ್ದೀರಿ. ಒತ್ತಡ ಹಿಡಿದು ಮೂತ್ರ ತಗ್ಗಿಸುವ ವಾಸೋಪ್ರೆಸಿನ್ ಯಾವಾಗ ಶುರುವಾಯಿತು, ಎಷ್ಟಕ್ಕೆ ಇಳಿಸಿದರು ಎಂಬುದೆಲ್ಲ ಆ ಹಾಳೆಯಲ್ಲಿ ನಿಮ್ಮ ದುಂಡು ಅಕ್ಷರದಲ್ಲಿದೆ.

ಮೈ ತಣ್ಣಗಾಗುವುದು ಇನ್ನೊಂದು ತೊಂದರೆ. ಶಾಖ ಕಾಯುವ ಭಾಗವೇ ಮಿದುಳಿನಲ್ಲಿ ಸತ್ತಿರುತ್ತದೆ. ಮೈ 35 ಡಿಗ್ರಿಗಿಂತ ಕೆಳಗಿಳಿದರೆ ಎರಡನೆಯ ಪರೀಕ್ಷೆ ಮಾಡುವಂತಿಲ್ಲ. ಪ್ರತಿಕ್ರಿಯೆ ಬಾರದಿದ್ದದ್ದು ಚಳಿಯಿಂದಲೋ ಸಾವಿನಿಂದಲೋ ಎಂದು ಹೇಳಲಾಗದು. ಬಿಸಿಗಾಳಿಯ ಹೊದಿಕೆ ಹೊದಿಸಿದಿರಿ, ಹನಿಸುವ ದ್ರವವನ್ನೂ ಬೆಚ್ಚಗೆ ಮಾಡಿಸಿದಿರಿ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಕಫ ಎಳೆದಿರಿ. ಹತ್ತು ನಿಮಿಷ ಪೂರ್ತಿ ಆಮ್ಲಜನಕ ಕೊಟ್ಟು, ವೆಂಟಿಲೇಟರ್ ಬಿಡಿಸಿ, ತಾನಾಗಿ ಒಂದು ಉಸಿರಾದರೂ ಬರುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಎಲ್ಲರ ಕಣ್ಣೂ ಎದೆಯ ಮೇಲಿತ್ತು, ನಿಮ್ಮ ಕಣ್ಣು ಒತ್ತಡದ ಅಂಕಿಯ ಮೇಲಿತ್ತು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60 ಮುಟ್ಟುವ ಮೊದಲೇ ಒತ್ತಡ ಕುಸಿದಿದ್ದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತಿತ್ತು. ಕುಸಿಯಲಿಲ್ಲ.

ಇಷ್ಟನ್ನು ಒಳ್ಳೆಯ ಐಸಿಯುವಿನಲ್ಲಿ ಕಲಿಸುತ್ತಾರೆ. ಕಲಿಸದೆ ಇರುವುದನ್ನೂ ನೀವು ಮಾಡಿದಿರಿ.

ಮಿದುಳು ಸತ್ತ ಮೇಲೂ ಬೆನ್ನುಹುರಿ ಜೀವಂತ ಇರಬಹುದು. ಮುಟ್ಟಿದಾಗ, ಕತ್ತು ತಿರುಗಿಸಿದಾಗ ಬೆರಳು ಅಲುಗುತ್ತದೆ, ಕೆಲವೊಮ್ಮೆ ತೋಳೇ ಎದ್ದು ಎದೆಯ ಮೇಲೆ ಬೀಳುತ್ತದೆ. ಒಪ್ಪಿಗೆಗಳು ಮುರಿದುಬೀಳುವುದು ಇಲ್ಲೇ. ‘ಸತ್ತಿದ್ದಾರೆ ಅಂತೀರಿ, ಕೈ ಆಡ್ತಿದೆಯಲ್ಲ’ ಎಂದು ಒಬ್ಬರು ಕೂಗಿದರೆ ಆ ಕೋಣೆಯಲ್ಲಿ ಯಾವ ಡಾಕ್ಟರ ಮಾತೂ ನಡೆಯುವುದಿಲ್ಲ, ನಡೆಯಬೇಕೆಂದು ಕೇಳುವುದೂ ತಪ್ಪು. ನೀವು ರೋಗಿಯ ತಾಯಿಯನ್ನು ಒಳಗೆ ಕರೆಯುವ ಮೊದಲೇ ಬಾಗಿಲಲ್ಲಿ ನಿಲ್ಲಿಸಿ ಹೇಳಿದಿರಿ: ‘ಅಮ್ಮ, ಬೆರಳು ಅಲುಗಬಹುದು. ಅದು ಬೆನ್ನುಹುರಿಯಿಂದ ಬರೋದು, ಎಚ್ಚರ ಆಗಿ ಅಲ್ಲ. ನೋಡಿದಾಗ ನಿಮಗೆ ಆಸೆ ಬರುತ್ತೆ. ಆಸೆ ಬಂದರೆ ನನ್ನ ಕೈ ಹಿಡ್ಕೊಳ್ಳಿ.’ ಬೆರಳು ಅಲುಗಿತು. ಅವರು ನಿಮ್ಮ ಕೈ ಹಿಡಿದರು. ದಾನದ ಮಾತನ್ನು ನೀವು ಒಮ್ಮೆಯೂ ಎತ್ತಲಿಲ್ಲ. ಅದು ನಿಮ್ಮ ಕೆಲಸವಲ್ಲವೆಂದು ನಿಮಗೆ ಗೊತ್ತಿತ್ತು. ಎರಡನೆಯ ಪರೀಕ್ಷೆ ಮುಗಿದು, ‘ಹೋಗ್ಬಿಟ್ಟ’ ಎಂಬ ಮಾತು ಆ ತಾಯಿಯ ಬಾಯಲ್ಲೇ ಬಂದ ಮೇಲೆ ನಮ್ಮವರು ಮನೆಯವರ ಒಪ್ಪಿಗೆಯ ಕಾಗದ, ಫಾರಂ 8, ತೆಗೆದರು.

ಸುದ್ದಿ ತಿಳಿದು ಸಂದೇಶ ಕಳಿಸಿದ ಸ್ನೇಹಿತರಿಗೂ ಕೃತಜ್ಞತೆ. ಅವರಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದ್ದಾರೆ: ಇಷ್ಟೆಲ್ಲ ಕೇಳಿಕೊಳ್ಳುವುದು ಯಾಕೆ, ‘ಬೇಡ’ ಎಂದು ಬರೆದುಕೊಡದವರೆಲ್ಲ ದಾನಿಗಳು ಎಂದು ಕಾನೂನು ಮಾಡಿದರೆ ಆಗದೇ? ಕಡ್ಡಾಯವನ್ನೇ ಮಾಡಿಬಿಡಿ ಅಂದವರೂ ಇದ್ದಾರೆ. ಅವರ ಕಳಕಳಿ ಅರ್ಥವಾಗುತ್ತದೆ. ಡಯಾಲಿಸಿಸ್ ಕುರ್ಚಿಯಲ್ಲಿ ವಾರಕ್ಕೆ ಮೂರು ದಿನ ಕೂರುವವರನ್ನು ಕಂಡವರ ಮಾತು ಅದು.

ಆದರೆ ಸ್ಪೇನ್ ನೋಡಿ. ‘ಬೇಡ ಅನ್ನದಿದ್ದರೆ ಒಪ್ಪಿದಂತೆ’ ಎಂಬ ಕಾನೂನು ಅಲ್ಲಿ 1979ರಲ್ಲೇ ಬಂತು. ದಾನ ಏರಿದ್ದು 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆಗಳಲ್ಲಿ ತರಬೇತಾದ ಸಂಯೋಜಕರನ್ನು, ಹೆಚ್ಚಾಗಿ ಐಸಿಯು ವೈದ್ಯರನ್ನೇ, ಕೂರಿಸಿದ ಮೇಲೆ. ಇವತ್ತಿಗೂ ಅಲ್ಲಿ ಮನೆಯವರನ್ನು ಕೇಳುತ್ತಾರೆ, ಬೇಡ ಅಂದರೆ ಬಿಡುತ್ತಾರೆ. 2020ರಲ್ಲಿ ಅಂಥದೇ ಕಾನೂನು ತಂದ ಇಂಗ್ಲೆಂಡ್ ಕೂಡ ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಬ್ರೆಜಿಲ್ 1997ರಲ್ಲಿ ಇದನ್ನು ಮೇಲಿನಿಂದ ಹೇರಿತು. ಪೂರ್ತಿ ಸಾಯುವ ಮೊದಲೇ ಅಂಗ ತೆಗೆದುಬಿಡುತ್ತಾರೆಂಬ ಭಯ ಹಬ್ಬಿ, ಜನ ಗುರುತಿನ ಚೀಟಿಯ ಮೇಲೆ ‘ದಾನಿಯಲ್ಲ’ ಎಂದು ಬರೆಸಿಕೊಳ್ಳಲು ಸಾಲು ನಿಂತರು. 1998ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅನುಮಾನ ಇರುವ ಕಡೆ ಕಡ್ಡಾಯ ಮಾಡಿದರೆ, ರೋಗಿಯನ್ನು ಆಸ್ಪತ್ರೆಗೆ ತರುವುದಕ್ಕೇ ಹೆದರುತ್ತಾರೆ.

ನಮ್ಮ 1994ರ ಅಂಗ ಕಸಿ ಕಾಯ್ದೆ ಒಪ್ಪಿಗೆಯ ಕಾಯ್ದೆ. ಅದು ಹಾಗೇ ಇರಲಿ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ 2011ರಲ್ಲಿ ಆದ ತಿದ್ದುಪಡಿ ಐಸಿಯುವಿನವರು ಮನೆಯವರನ್ನು ಕೇಳಲೇಬೇಕು ಎನ್ನುತ್ತದೆ, ಸಂಯೋಜಕರು ಇರಲೇಬೇಕು ಎನ್ನುತ್ತದೆ. ಕಡ್ಡಾಯ ಮಾಡುವುದಿದ್ದರೆ ಇವನ್ನು ಮಾಡಿ ತೋರಿಸೋಣ: ಮಿದುಳು ನಿಷ್ಕ್ರಿಯವಾದ ಪ್ರತಿಯೊಬ್ಬರಿಗೂ ಪರೀಕ್ಷೆ ಆಗಬೇಕು, ಪ್ರತಿ ಮನೆಯವರಿಗೂ ಸಮಾಧಾನವಾಗಿ ಕೂರಿಸಿ ಹೇಳುವವರು ಇರಬೇಕು.

ಯಾಕೆಂದರೆ ಒಪ್ಪಿಗೆ ಇದ್ದೂ ಕೈತಪ್ಪಿದ ರಾತ್ರಿಗಳಿವೆ. ಒಬ್ಬ ನರ್ಸ್‌ಗೆ ಆರು ಹಾಸಿಗೆ, ಚೀಲ ತುಂಬಿದ್ದು ಯಾರಿಗೂ ಕಾಣಲಿಲ್ಲ, ಬೆಳಗಿನ ಜಾವ ಹೃದಯವೇ ನಿಂತಿತು. ಮಗಳನ್ನು ಕಳೆದುಕೊಂಡು, ಅಷ್ಟರ ಮೇಲೂ ‘ತಗೊಳ್ಳಿ’ ಅಂದ ತಂದೆಗೆ, ‘ಈಗ ಆಗೋದಿಲ್ಲ ಸರ್’ ಅನ್ನಬೇಕು. ಅವರು ಎರಡನೆಯ ಸಲ ಕಳೆದುಕೊಳ್ಳುತ್ತಾರೆ. ಆ ಮುಖದ ಎದುರು ಯಾವ ಕಾನೂನಿನ ಹೆಸರೂ ಬಾಯಿಗೆ ಬರುವುದಿಲ್ಲ.

ಅಂಥ ಹೊತ್ತಿನಲ್ಲೂ ಕಣ್ಣು ಕೊಡಬಹುದು. ಹೃದಯ ನಿಂತು 6 ಗಂಟೆಯೊಳಗೆ ನೇತ್ರಬ್ಯಾಂಕಿನವರು ಬಂದರೆ ಸಾಕು, ಮನೆಗೇ ಬರುತ್ತಾರೆ. ಅಲ್ಲಿಯತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ದೃಷ್ಟಿ ಕೊಟ್ಟವು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಪದರಗಳಾಗಿ ಬಿಡಿಸಿ ಕಸಿ ಮಾಡಿದ್ದರಿಂದ ಎರಡು ಕಣ್ಣು ನಾಲ್ವರಿಗೆ ಸಾಲಿತು. ಆಮೇಲೆ ಈ ಊರಿನಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಅವರನ್ನು ಕರೆತಂದದ್ದು ಯಾವ ಕಾಯ್ದೆಯೂ ಅಲ್ಲ.

ಸಿಸ್ಟರ್, ಅಂಗಗಳು ಹೊರಟ ಮೇಲೆ ನಾವೆಲ್ಲ ಪೆಟ್ಟಿಗೆಗಳ ಹಿಂದೆ ಓಡಿದೆವು. ನಿಮ್ಮ ಪಾಳಿ ಮುಗಿದು ಎಷ್ಟೋ ಹೊತ್ತಾಗಿತ್ತು. ನೀವು ಉಳಿದು, ಮೈ ಒರೆಸಿ, ಹೊಲಿಗೆಯ ಮೇಲೆ ಹೊಸ ಪಟ್ಟಿ ಹಾಕಿ, ತಲೆ ಬಾಚಿ, ಮನೆಯವರು ತಂದಿದ್ದ ಬಿಳಿ ಅಂಗಿ ತೊಡಿಸಿ ಕಳಿಸಿದಿರಂತೆ. ಅದು ನಮಗೆ ಗೊತ್ತಾದದ್ದು ಅವರ ತಾಯಿ ಹೇಳಿದಾಗ. ವೈಕುಂಠ ಸಮಾರಾಧನೆ ಬರುವ ಗುರುವಾರ. ‘ರಾತ್ರಿ ಇದ್ದ ಸಿಸ್ಟರ್ ಊಟಕ್ಕೆ ಬರಲೇಬೇಕು’ ಅಂದಿದ್ದಾರೆ. ಆ ದಿನ ನಿಮಗೆ ಪಾಳಿ ಇಲ್ಲವೆಂದು ವಿಚಾರಿಸಿಕೊಂಡಿದ್ದೇವೆ. ಹನ್ನೊಂದಕ್ಕೆ ಹಾಸ್ಟೆಲ್ ಹತ್ತಿರ ಬರುತ್ತೇವೆ, ಒಟ್ಟಿಗೆ ಹೋಗೋಣ.