ಗಡಿ ದಾಟಿ ಬರುವ ಹಳೆ ಕಾರು: ದಾಖಲೆಯ ಖರ್ಚೂ ಬೆಲೆಯ ಭಾಗವೇ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ನಮ್ಮ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಬೇಕೆಂದಾಗ ಹೆಚ್ಚಿನವರ ಕಣ್ಣು ಹೋಗುವುದು ಮಂಗಳೂರು, ಪುತ್ತೂರಿನ ಕಡೆಗೆ. ಅಲ್ಲಿ ಆಯ್ಕೆ ಹೆಚ್ಚು, ನೆಂಟರಿಷ್ಟರಿದ್ದಾರೆ, ವ್ಯವಹಾರದ ಮಾತು ಕನ್ನಡದಲ್ಲೋ ತುಳುವಿನಲ್ಲೋ ಮುಗಿಯುತ್ತದೆ. ಹಾಗೆ ಕೊಂಡು ತಂದ ಕೆಎ 19, ಕೆಎ 21 ನಂಬರಿನ ಎಷ್ಟೋ ಕಾರುಗಳು ಹಳೆಯ ಮಾಲೀಕರ ಹೆಸರಿನಲ್ಲೇ ಇಲ್ಲಿ ವರ್ಷಗಟ್ಟಲೆ ಓಡಾಡುತ್ತಿರುವುದು ಗುಟ್ಟಿನ ಸಂಗತಿಯೇನಲ್ಲ. ಇಂತಹ ವಾಹನಗಳ ದುರಸ್ತಿಯನ್ನೇ ಕಸುಬಾಗಿಸಿಕೊಂಡಿರುವ ನನ್ನ ಅಭಿಪ್ರಾಯದಲ್ಲಿ, ಕೊಂಡವರ ಹೆಸರಿನಲ್ಲಿ ಕಾಸರಗೋಡಿನ ಕೆಎಲ್ 14 ನಂಬರಿನ ಆರ್‌ಸಿ (ನೋಂದಣಿ ಪುಸ್ತಕ) ಕೈಗೆ ಬರುವವರೆಗೆ ಆಗುವ ಒಟ್ಟು ಖರ್ಚನ್ನೇ ಆ ಕಾರಿನ ನಿಜವಾದ ಬೆಲೆಯೆಂದು ಎಣಿಸಬೇಕು. ಹೀಗೆ ಎಣಿಸಿದರೆ ಗಡಿಯ ತಲಪಾಡಿಯ ಆಚೆ ಅಗ್ಗವೆಂದು ಕಂಡ ಎಷ್ಟೋ ಕಾರುಗಳು ಅಷ್ಟೇನೂ ಅಗ್ಗವಲ್ಲ.

1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ಮಾರಾಟವಾದ ವಿಷಯವನ್ನು ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನಗಳೊಳಗೆ, ಬೇರೆ ರಾಜ್ಯಕ್ಕಾದರೆ 45 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಹೆಸರು ಬದಲಿಸಿಕೊಳ್ಳಲು ಕೊಂಡವರಿಗೆ ಇರುವ ಅವಧಿ 30 ದಿನ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕೆಂದು ಹೇಳುವುದು 47ನೇ ಕಲಮು. ಈ ಎರಡನ್ನೂ ಕಲಸಿ, ‘ಒಂದು ವರ್ಷ ಏನೂ ತೊಂದರೆಯಿಲ್ಲ’ ಎಂದು ಬ್ರೋಕರ್‌ಗಳು ಹೇಳುವುದುಂಟು, ಕೊಳ್ಳುವವರು ನಂಬುವುದೂ ಉಂಟು. ಹನ್ನೆರಡು ತಿಂಗಳ ಮಾತು ನಂಬರ್ ಬದಲಿಸುವುದಕ್ಕೆ ಸಂಬಂಧಿಸಿದ್ದೇ ಹೊರತು ಮಾಲೀಕರ ಹೆಸರು ಬದಲಿಸುವುದಕ್ಕಾಗಲಿ, ತೆರಿಗೆ ಕಟ್ಟುವುದಕ್ಕಾಗಲಿ ಸಂಬಂಧಿಸಿದ್ದಲ್ಲ.

ತೆರಿಗೆಯ ವಿಚಾರವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಟ್ಟಿದ್ದರೂ ಕೇರಳದಲ್ಲಿ ನೋಂದಾಯಿಸುವಾಗ ಇಲ್ಲಿಯ ತೆರಿಗೆಯನ್ನು ಪ್ರತ್ಯೇಕವಾಗಿ ಕಟ್ಟಬೇಕಾಗುತ್ತದೆ, ಮತ್ತು ಅದನ್ನು ಲೆಕ್ಕ ಹಾಕುವುದು ನೀವು ಬ್ರೋಕರ್‌ಗೆ ಕೊಟ್ಟ ಮೊತ್ತದ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆ ಮತ್ತು ಅದರ ಪ್ರಾಯದ ಮೇಲೆ. ಹೊಸದರಲ್ಲಿ ದುಬಾರಿಯಾಗಿದ್ದು ಈಗ ಮೂರು ಕಾಸಿಗೆ ಸಿಗುವ ದೊಡ್ಡ ಕಾರುಗಳ ವಿಷಯದಲ್ಲಿ ಇದು ಕೊಂಡವರ ನಿದ್ದೆಗೆಡಿಸುವಷ್ಟು ದೊಡ್ಡ ಮೊತ್ತವಾಗಬಹುದು. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಪಡೆಯಲು ಅರ್ಜಿ ಹಾಕಬಹುದಾದ್ದರಿಂದ, ಆ ಹಣ ಯಾರಿಗೆ ಸೇರತಕ್ಕದ್ದೆಂಬುದನ್ನು ಮುಂಗಡ ಕೊಡುವ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಎನ್‌ಒಸಿ, ಅಂದರೆ ವಾಹನವನ್ನು ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ನಿರಾಕ್ಷೇಪಣಾ ಪತ್ರ. ನಮೂನೆ 28ರಲ್ಲಿ ಅರ್ಜಿ ಹಾಕಿ ಕರ್ನಾಟಕದ ಆರ್‌ಟಿಒ ಕಚೇರಿಯಿಂದ ಇದನ್ನು ಪಡೆಯಬೇಕು, ನೋಂದಣಿ ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಅದರಲ್ಲಿ ಸರಿಯಾಗಿ ಕಾಣಿಸಬೇಕು. ಸಾಲದಲ್ಲಿ ಕೊಂಡ ಕಾರಾದರೆ ಕಂತು ಮುಗಿದಿದೆಯೆಂಬ ಬಾಯಿಮಾತು ಸಾಲದು. ಬ್ಯಾಂಕಿನ ಪತ್ರ ಮತ್ತು ನಮೂನೆ 35ರ ಮೂಲಕ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆದುಹೋಗಿರಬೇಕು. ಎನ್‌ಒಸಿ ತರಿಸಿಕೊಡುವುದು ಮಾರುವವರ ಕೆಲಸವೆಂದು ಒಪ್ಪಂದ ಮಾಡಿಕೊಂಡು, ಅದು ಕೈಸೇರುವವರೆಗೆ ಬೆಲೆಯ ಒಂದು ಪಾಲನ್ನು ಉಳಿಸಿಕೊಳ್ಳುವಂತೆ ನಾನು ಗಿರಾಕಿಗಳಿಗೆ ಹೇಳುತ್ತೇನೆ. ಪೂರ್ತಿ ಹಣ ಎಣಿಸಿಕೊಂಡ ಮೇಲೆ ಫೋನ್ ಎತ್ತುವ ಬ್ರೋಕರ್ ಅಪರೂಪ.

ಹೆಸರು ಬದಲಾಗದಿದ್ದರೆ ನಷ್ಟ ಕೊಂಡವರಿಗೆ ಮಾತ್ರವೆಂದು ಮಾರಿದವರು ನಿಶ್ಚಿಂತರಾಗಿರುತ್ತಾರೆ. ವಾಸ್ತವ ಹಾಗಿಲ್ಲ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ, ವಾಹನ ಎಷ್ಟು ಕೈ ಬದಲಾಗಿದ್ದರೂ ನೋಂದಣಿ ಪುಸ್ತಕದಲ್ಲಿ ಹೆಸರಿರುವವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಕೇರಳದ ರಸ್ತೆಗಳಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮೆರಾಗಳ ಮೂಲಕ ದಂಡ ವಿಧಿಸುತ್ತಿರುವುದರಿಂದ, ಎಂದೋ ಕಾರು ಮಾರಿ ಮರೆತವರ ಫೋನಿಗೆ ಸೀಟ್ ಬೆಲ್ಟ್ ಹಾಕದ ಅಪರಿಚಿತರೊಬ್ಬರ ಚಿತ್ರ ಬಂದು ಬೀಳುವ ಪ್ರಸಂಗಗಳೂ ಇವೆ. ವಿಮೆಯನ್ನೂ 14 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು ಅರ್ಜಿ ಕೊಡಬೇಕು. ಪರಿಹಾರ ಕೇಳದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಮಾರಿದವರದ್ದು, ಅದು ಕಾರಿನೊಂದಿಗೆ ಬರುವುದಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಹಳೆ ವಾಹನಗಳ ವ್ಯಾಪಾರಿಗಳು ಅಧಿಕೃತ ಪತ್ರ ಪಡೆಯಬೇಕು, ಮತ್ತು ವಾಹನ ಅವರ ಕೈಸೇರಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದ ಮೇಲೆ ಅದರ ಹೊಣೆಯೂ ಅವರದ್ದೇ. ಆದ್ದರಿಂದ ಮಾರುವವರು ಅಂಥ ಪತ್ರ ಇದೆಯೇ ಎಂದು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಕಾರನ್ನು ಪರೀಕ್ಷಿಸುವ ಕ್ರಮದಲ್ಲಿಯೂ ನಮ್ಮ ಕರಾವಳಿಗೆ ಅದರದೇ ಆದ ಎಚ್ಚರಿಕೆ ಬೇಕು. ಗಟ್ಟದ ಮೇಲಿನವರು ಇಂಜಿನ್ ನೋಡಿ ಕಾರು ಕೊಂಡರೆ ಸರಿಹೋದೀತು. ಉಪ್ಪುಗಾಳಿ ಮತ್ತು ಆಟಿಯ ಮಳೆಗೆ ಒಡ್ಡಿದ ಕಾರನ್ನು ಮೊದಲು ಅಡಿಯಿಂದ ನೋಡಬೇಕು. ಇಂಜಿನ್ನಿಗೆ ಬಿಡಿಭಾಗ ಸಿಗುತ್ತದೆ, ಕರಗಿದ ತಗಡಿಗೆ ಟಿಂಕರಿಂಗ್ ಮಾಡಿಸಿದಷ್ಟೂ ಮುಗಿಯುವುದಿಲ್ಲ. ಕಾಲಡಿಯ ಮ್ಯಾಟ್ ಎತ್ತಿ ಹೆಬ್ಬೆರಳಿನಿಂದ ತಗಡನ್ನು ಒತ್ತಿದಾಗ ಅದು ಮೆತ್ತಗೆ ತಗ್ಗಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಬಾಗಿಲಿನ ಕೆಳ ಅಂಚಿನ ರಬ್ಬರ್ ಸರಿಸಿ ನೋಡಿ, ಬಾಗಿಲ ಕೆಳಗಿನ ಪಟ್ಟಿಗೆ ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ ತಾಗಿಸಿ. ಅದು ಹಿಡಿಯದ ಜಾಗದಲ್ಲಿ ಬಣ್ಣದ ಕೆಳಗಿರುವುದು ಪುಟ್ಟಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಒಳತುದಿಯಲ್ಲಿ ಕೆಸರಿನ ಗೆರೆ ಕಂಡರೆ ಆ ಕಾರು ಎಲ್ಲೋ ನೆರೆನೀರಿನಲ್ಲಿ ನಿಂತಿತ್ತೆಂದು ಅನುಮಾನಿಸಲೇಬೇಕು, ಒಳಗೆ ಎಷ್ಟೇ ಸುಗಂಧ ಸಿಂಪಡಿಸಿದ್ದರೂ. ತಣ್ಣಗಿರುವ ಇಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ನೀವು ತಲುಪುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಟಯರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ, 2319 ಎಂದಿದ್ದರೆ 2019ರ 23ನೇ ವಾರ. ಕಿಲೋಮೀಟರ್ ಮೀಟರನ್ನು ಮಾತ್ರ ಯಾರೂ ನಂಬಬಾರದು. ಸರ್ವಿಸ್ ಮಾಡಿದ ಬಿಲ್ಲುಗಳೊಂದಿಗೆ ಹೋಲಿಸಿದ ಮೇಲಷ್ಟೇ ಅದಕ್ಕೆ ಬೆಲೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800ಗಳನ್ನು ಅಕ್ಕರೆಯಿಂದ ಹುಡುಕಿ ಕೊಳ್ಳುವ ಯುವಕರು ಈಚೆಗೆ ಬದಿಯಡ್ಕ, ಪೆರ್ಲದ ಕಡೆಯೂ ಕಾಣಸಿಗುತ್ತಿರುವುದು ನನ್ನಂಥವನಿಗೆ ಸಂತೋಷದ ವಿಷಯ. ಆದರೆ ಇವು ಶೆಡ್ಡಿನಲ್ಲಿ ನಿಂತಲ್ಲೇ ಹಾಳಾಗುವ ವಾಹನಗಳು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹೊದಿಸಿದರೆ ಒಳಗಿನ ತೇವ ಹೊರಹೋಗದೆ ತುಕ್ಕು ಬೇಗ ಹಿಡಿಯುತ್ತದೆ. ಗಾಳಿಯಾಡುವ, ಮೇಲೆ ಮಾಡು ಮಾತ್ರವಿರುವ ಜಾಗವೇ ಮೇಲು. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುವುದರಿಂದ ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸುವುದು ಕ್ಷೇಮ. ಅಡಿಕೆ ರಾಶಿ ಹಾಕಿದ ಕೊಟ್ಟಿಗೆಯಲ್ಲಿ ಕಾರು ಇಡುವವರು ವಯರ್ ಕಡಿಯುವ ಇಲಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದ್ದು, ಅದು ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಪಂಪಿನೊಳಗಿನ ರಬ್ಬರ್ ಪರದೆಯನ್ನು (ಡಯಾಫ್ರಾಮ್) ಮೆತ್ತಗಾಗಿಸುತ್ತದೆ. ಕಾರ್ಬ್ಯುರೇಟರ್ ಕಾರು ಕೊಂಡವರು ಪಾಲಿಶ್ ಮಾಡಿಸುವ ಮೊದಲು ಈ ಪೈಪುಗಳನ್ನು ಬದಲಿಸಬೇಕೆಂದು ಒತ್ತಿ ಹೇಳುತ್ತೇನೆ, ಸೋರುವ ಪೆಟ್ರೋಲಿಗೂ ಬಿಸಿ ಇಂಜಿನ್ನಿಗೂ ಇರುವ ಅಂತರ ಕೆಲವೇ ಅಂಗುಲ.

ಇವುಗಳ ದಾಖಲೆಯ ತೊಡಕು ಇನ್ನೂ ಹೆಚ್ಚು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿದ್ದ ಈ ಶುಲ್ಕವನ್ನು 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿಗೆ ಏರಿಸುವ ಅಧಿಸೂಚನೆಯನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ ಹೊರಡಿಸಿತು. ಹಳೆ ವಾಹನಗಳಿಗೆ ಹಾಕುವ ಹಸಿರು ತೆರಿಗೆ ಬೇರೆ. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ 2021ರ ನಿಯಮದಂತೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗುತ್ತದೆ, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ, ಅಂಬಾಸಿಡರಿನಲ್ಲೇ ಪೇಟೆಗೆ ಹೋಗಿಬರುವವರು ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಯುವುದು ಜಾಣತನ. ಹಾಗೆಯೇ ನಮ್ಮ ಗುಡ್ಡಗಾಡಿನಲ್ಲಿ ಪ್ರೀತಿಯ ಜೀಪುಗಳಲ್ಲಿ ಹಲವು, ಇಂಜಿನ್ ಬದಲಾಯಿಸಿಕೊಂಡವು. ಹೊಸ ಇಂಜಿನ್ ನಂಬರ್ ಆರ್‌ಸಿಯಲ್ಲಿ ದಾಖಲಾಗದಿದ್ದರೆ ಆ ಜೀಪಿಗೆ ಎನ್‌ಒಸಿಯೂ ಕಷ್ಟ, ನವೀಕರಣವೂ ಕಷ್ಟ.

ಕೊನೆಯದಾಗಿ ಸಾರಿಗೆ ಇಲಾಖೆಗೊಂದು ವಿನಂತಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಇಲ್ಲಿಯ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಬೇರೆ ರಾಜ್ಯದ ವಾಹನಕ್ಕೆ ಯಾವ ಯಾವ ನಮೂನೆ ಬೇಕು, ಎಷ್ಟು ಪ್ರಾಯದ ಕಾರಿಗೆ ತೆರಿಗೆಯ ಎಷ್ಟು ಪಾಲು ಬರುತ್ತದೆ, ಶುಲ್ಕವೆಷ್ಟು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಾಗಿ ಮುದ್ರಿಸಿ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಪಂಚಾಯತು ಕಚೇರಿಗಳಲ್ಲಿ, ಸರಕಾರಿ ಅರ್ಜಿಗಳನ್ನು ಸಲ್ಲಿಸುವ ಅಕ್ಷಯ ಕೇಂದ್ರಗಳಲ್ಲಿ ಅಂಟಿಸಿದರೆ ಸಾಕು. ಜನ ಮಂಗಳೂರಿಗೆ ಹೊರಡುವ ಮುನ್ನವೇ ಲೆಕ್ಕ ಹಾಕಿಕೊಳ್ಳುತ್ತಾರೆ, ಇಲಾಖೆಗೆ ಬರಬೇಕಾದ ತೆರಿಗೆಯೂ ಸಕಾಲದಲ್ಲಿ ಬಂದೀತು.

ಇತಿ,
ಓರ್ವ ಓದುಗ, ಬದಿಯಡ್ಕ