ಕೊರೆಯುವ ಬಿಟ್‌ನ ದಪ್ಪ ಲೆಕ್ಕಕ್ಕೆ ಹಿಡಿಯದೆ ಕತ್ತರಿಸಿದ ಪ್ಲೈವುಡ್ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಸಿಎನ್‌ಸಿ ರೌಟರ್ ಜಾಬ್ ವರ್ಕ್ ವಿಭಾಗ,
ಗೋಕುಲ ರಸ್ತೆ, ಹುಬ್ಬಳ್ಳಿ

ವಿಷಯ: ಕಪಾಟಿನ ಭಾಗಗಳು ತಪ್ಪು ಅಳತೆಗೆ ಬಂದಿದ್ದು, ಹೊಸದಾಗಿ ಕತ್ತರಿಸಿ ಕೊಡುವ ಬಗ್ಗೆ

ಮಾನ್ಯರೆ,

ಬೆಟಗೇರಿಯ ನಮ್ಮ ಮರಗೆಲಸದ ವರ್ಕ್‌ಶಾಪಿನಿಂದ ನಿಮ್ಮ ಸಿಎನ್‌ಸಿ ರೌಟರಿನಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಮಷಿನ್) 18 ಮಿ.ಮೀ. ಪ್ಲೈವುಡ್ ಕತ್ತರಿಸುವ ಕೆಲಸ ಕೊಟ್ಟಿದ್ದೆವು. ಹಳ್ಳಿಯ ಗ್ರಂಥಾಲಯವೊಂದಕ್ಕೆ ಪುಸ್ತಕದ ಕಪಾಟು. ಮೊಳೆ, ಸ್ಕ್ರೂ ಏನೂ ಇಲ್ಲ. ಟ್ಯಾಬನ್ನು (ಹೊರಚಾಚಿದ ನಾಲಿಗೆ) ಸ್ಲಾಟಿಗೆ (ಅದು ಕೂರುವ ಕಿಂಡಿ) ಬಿಗಿಯಾಗಿ ಕೂರಿಸಿ ನಿಲ್ಲಿಸುವಂಥದ್ದು. ಡಿಎಕ್ಸ್‌ಎಫ್ (ಕಂಪ್ಯೂಟರ್ ನಕ್ಷೆಯ) ಫೈಲಿನ ಜೊತೆ ಕೊಟ್ಟ ಹಾಳೆಯಲ್ಲಿ 'ಗೆರೆ ಅಂದರೆ ತಯಾರಾದ ತುಂಡಿನ ಅಂಚು, ಆಫ್‌ಸೆಟ್ ನೀವೇ ಕೊಡಬೇಕು' ಎಂದು ಬರೆದೇ ಇದ್ದೆವು. ಆಫ್‌ಸೆಟ್ ಅಂದರೆ ಬಿಟ್‌ನ ಅರ್ಧ ದಪ್ಪದಷ್ಟು ಅದರ ದಾರಿಯನ್ನು ಗೆರೆಯಿಂದ ಸರಿಸುವುದು.

ಬಂದ ತುಂಡುಗಳಿಗೆ ವರ್ನಿಯರ್ (ಅಳತೆಯ ಸಾಧನ) ಹಚ್ಚಿದರೆ 60 ಮಿ.ಮೀ. ಅಗಲದ ಟ್ಯಾಬ್ 54 ಇದೆ. 60 ಮಿ.ಮೀ. ಉದ್ದದ ಸ್ಲಾಟ್ 66 ಇದೆ. ಜೋಡಿಸಿದರೆ 12 ಮಿ.ಮೀ. ಸಡಿಲು! ಎಲ್ಲಿ ಅಳೆದರೂ ವ್ಯತ್ಯಾಸ 6 ಮಿ.ಮೀ., ನೀವು ಹಾಕಿದ್ದೂ 6 ಮಿ.ಮೀ. ಬಿಟ್. ಬಿಟ್‌ನ ನಡುವನ್ನು ಗೆರೆಯ ಮೇಲೇ ಓಡಿಸಿದ್ದೀರಿ. ಗೆರೆಯ ಆಚೆ 3, ಈಚೆ 3 ತಿಂದುಹೋಗಿದೆ. ಹೊರ ಅಂಚಿಗೆ ಗೆರೆಯಿಂದ 3 ಮಿ.ಮೀ. ಹೊರಗೆ, ಸ್ಲಾಟಿಗೆ 3 ಮಿ.ಮೀ. ಒಳಗೆ ಓಡಿಸಬೇಕಿತ್ತು.

ಫೋನ್ ಮಾಡಿದರೆ ನಿಮ್ಮ ಆಪರೇಟರ್ "ಆಫ್‌ಸೆಟ್ ನೀವ ಮಾಡಿ ಕಳಸಬೇಕಿತ್ರೀ" ಎಂದರು. ಸರಿ, ಕೆಲಸ ನಿಲ್ಲಬಾರದು ಎಂದು ಅದನ್ನೂ ಮಾಡಿ ಬೇರೆ ಫೈಲ್ ಕಳಿಸಿದೆವು. ಆಗ ನಿಮ್ಮವರು ಬಿಟ್‌ನ ದಾರಿ ಹಾಕುವ ಕ್ಯಾಮ್ ಸಾಫ್ಟ್‌ವೇರಿನಲ್ಲಿ ಮತ್ತೊಮ್ಮೆ ಆಫ್‌ಸೆಟ್ ಹಾಕಿದರು. ಈ ಸಲ ಟ್ಯಾಬ್ 66, ಸ್ಲಾಟ್ 54. ಫೈಲಿನ ಹೆಸರಿನಲ್ಲೇ 'ಆಫ್‌ಸೆಟ್ ಆಗಿದೆ' ಎಂದು ಇತ್ತು. ಓದಿದ್ದರೆ ಎರಡನೇ ಸಲದ ಪ್ಲೈವುಡ್ ಹಾಳೆಗಳಾದರೂ ಉಳಿಯುತ್ತಿದ್ದವು, ಅಲ್ವಾ?

ಈ ಲೆಕ್ಕ ನಿಮ್ಮ ಮಷಿನ್ ಹತ್ತಿರವೇ ಆಗಬೇಕು ಎಂದು ನಾವು ಹೇಳುವುದಕ್ಕೆ ಕಾರಣ ಇದೆ. ಸಾಣೆ ಹಿಡಿದ ಬಿಟ್ 6 ಇದ್ದದ್ದು 5.8 ಆಗಬಹುದು. ಆಗ ಬಿಡಬೇಕಾದದ್ದು 3 ಅಲ್ಲ, 2.9. ಬಿಟ್ ಅಳೆದು ಆ ಸಂಖ್ಯೆ ಬದಲಿಸಿದರೆ ನಿಮ್ಮಲ್ಲಿ ಮುಗಿಯಿತು. ಇಲ್ಲಿ ಕೂತ ನಮಗೆ ಅವತ್ತು ಯಾವ ಬಿಟ್ ಹಾಕಿದ್ದೀರಿ ಎಂದು ಹೇಗೆ ಗೊತ್ತಾಗಬೇಕು? ನಾವು ಮಾಡಬೇಕಾದದ್ದನ್ನು ಮಾಡಿದ್ದೇವೆ. ಆಫ್‌ಸೆಟ್ ಸರಿಯಾಗಿ ಬೀಳಲಿ ಎಂದು ಎಲ್ಲ ಗೆರೆಗಳ ತುದಿ ಕೂಡಿಸಿದ್ದೇವೆ. ದುಂಡು ಬಿಟ್ ಒಳಮೂಲೆಯನ್ನು ಚೌಕ ಕೊರೆಯುವುದಿಲ್ಲ, ಅದಕ್ಕೇ ಸ್ಲಾಟಿನ ಮೂಲೆಗಳಿಗೆ ಡಾಗ್‌ಬೋನ್ (ಮೂಲೆಯಲ್ಲಿ ಹೆಚ್ಚುವರಿ ದುಂಡು ಕಚ್ಚು) ಸಹ ಹಾಕಿ ಕೊಟ್ಟಿದ್ದೇವೆ.

ಹಾಳಾದ ಪ್ಲೈವುಡ್ಡನ್ನು ಮತ್ತೆ ಬಳಸಲು ಬರುವುದಿಲ್ಲ. ಆದ್ದರಿಂದ ಹೊಸ ಪ್ಲೈವುಡ್ ನಿಮ್ಮ ಖರ್ಚಿನಲ್ಲಿ ತಂದು, ನಮ್ಮ ಮೊದಲನೇ ಫೈಲಿನಿಂದಲೇ ಎಲ್ಲ ಭಾಗ ಕತ್ತರಿಸಿ ಕೊಡಿ. ಅದಕ್ಕೂ ಮುಂಚೆ ವೇಸ್ಟ್ ತುಂಡಿನಲ್ಲಿ ಒಂದು ಟ್ಯಾಬ್, ಒಂದು ಸ್ಲಾಟ್ ಕೊರೆದು, ವರ್ನಿಯರ್ ಹಿಡಿದ ಫೋಟೋ ವಾಟ್ಸಾಪಿಗೆ ಕಳಿಸಿ. ನಾವು ಒಪ್ಪಿದ ಮೇಲೆ ಹಾಳೆ ಹಾಕಿ. ಜೊತೆಗೆ ನಿಮ್ಮ ಜಾಬ್ ಕಾರ್ಡಿನಲ್ಲಿ 'ಗೆರೆ ತುಂಡಿನ ಅಂಚೋ, ಬಿಟ್‌ನ ದಾರಿಯೋ' ಎಂದು ಒಂದು ಸಾಲು ಸೇರಿಸಿ. ನಮ್ಮಂಥ ಸಣ್ಣ ವರ್ಕ್‌ಶಾಪಿನವರಿಗೆ ಎರಡು ಸಲ ಹಾಳೆ ಕಳೆದುಕೊಳ್ಳುವುದು ದೊಡ್ಡ ಪೆಟ್ಟು.

ಏಳು ದಿನದೊಳಗೆ ಲಿಖಿತ ಉತ್ತರ ಕೊಡಿ. ಇಲ್ಲವಾದರೆ ಕೊಟ್ಟ ಮುಂಗಡ ಮತ್ತು ಪ್ಲೈವುಡ್ಡಿನ ಹಣ ವಾಪಸ್ ಮಾಡಿ. ಎರಡೂ ಸಲದ ತುಂಡುಗಳನ್ನು ಹಾಗೇ ಇಟ್ಟಿದ್ದೇವೆ, ಬಂದು ಅಳೆದು ನೋಡಬಹುದು.

ಇಂತಿ,
ಮರಗೆಲಸದ ವರ್ಕ್‌ಶಾಪಿನ ಮಾಲೀಕರು,
ಬೆಟಗೇರಿ, ಗದಗ